ನಂಬಿಕೆ ಮತ್ತು ನಿತ್ಯದ ದುಡಿಮೆ: ಬಾಸೆಲ್ ಮಿಷನ್ ಇತಿಹಾಸದಿಂದ ಒಂದು ಪಾಠ

ದೀಕ್ಷಾಸ್ನಾನ ಹೊಂದಿದ ವ್ಯಕ್ತಿಯು ಮರುದಿನ ಬೆಳಿಗ್ಗೆ ಯಾವ ಕೆಲಸಕ್ಕೆ ಹೋಗಬೇಕು? ಹತ್ತೊಂಬತ್ತನೆಯ ಶತಮಾನದ ಕರಾವಳಿ ಕರ್ನಾಟಕದಲ್ಲಿ ಈ ಪ್ರಶ್ನೆಯು ದೇವಜ್ಞಾನದ ತರಗತಿಯಲ್ಲಿ ಹುಟ್ಟಲಿಲ್ಲ. ಮನೆ, ಗೇಣಿ ಭೂಮಿ ಮತ್ತು ಕುಲಕಸುಬುಗಳನ್ನು ಕಳೆದುಕೊಂಡು ಮಿಷನ್ ಬಂಗಲೆಯ ಅಂಗಳದಲ್ಲಿ ನಿಂತ ವಿಶ್ವಾಸಿಗಳ ಮುಖದಲ್ಲಿ ಅದು ಹುಟ್ಟಿತು. ಅವರಿಗೆ ಉತ್ತರ ಕೊಡುವ ಪ್ರಯತ್ನದಲ್ಲಿಯೇ ಬಾಸೆಲ್ ಮಿಷನ್ ಸಂಸ್ಥೆಯು ಮಗ್ಗವನ್ನು ಹೂಡಿತು, ಮುದ್ರಣಾಲಯವನ್ನು ತೆರೆಯಿತು, ಹೆಂಚಿನ ಕಾರ್ಖಾನೆಯನ್ನು ಕಟ್ಟಿತು.

ಈ ಇತಿಹಾಸವನ್ನು ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳುವುದುಂಟು. ಮಿಷನರಿಗಳು ಸುವಾರ್ತೆಯ ಜೊತೆಗೆ ಕೈಗಾರಿಕೆಯನ್ನೂ ತಂದು ನಾಡನ್ನು ಉದ್ಧರಿಸಿದರೆಂಬುದು ಒಂದು. ವ್ಯಾಪಾರದ ಗೊಡವೆಯಲ್ಲಿ ಸುವಾರ್ತೆಯ ಹುರುಪು ಕುಂದಿತೆಂಬುದು ಇನ್ನೊಂದು. ಇವೆರಡೂ ದುಡಿಮೆಯನ್ನು ನಂಬಿಕೆಯ ಹೊರಗಿನ ಸಂಗತಿಯೆಂದೇ ಭಾವಿಸಿ ಮಾತನಾಡುತ್ತವೆ. ನಿತ್ಯದ ದುಡಿಮೆಯು ಅಂದಿನ ಸಭೆಗೆ ನಂಬಿಕೆಯ ಅಭ್ಯಾಸಶಾಲೆಯಾಗಿತ್ತು; ಆದರೆ ಆ ಶಾಲೆಯ ಪಾಠಗಳಲ್ಲಿ ಒಂದನ್ನು ಯಜಮಾನನೇ ಕಲಿಯಬೇಕಾಗಿತ್ತು. ಇದನ್ನು ಈ ಲೇಖನದಲ್ಲಿ ತೋರಿಸಲು ಪ್ರಯತ್ನಿಸುತ್ತೇವೆ.

ಹಾಲೆಯಿಂದ ಬಾಸೆಲ್‌ಗೆ

ಬಾಸೆಲ್ ಮಿಷನರಿಗಳ ಮನೋಧರ್ಮವನ್ನು ತಿಳಿಯಬೇಕಾದರೆ ಜರ್ಮನಿಯ ಪಯಟಿಸ್ಟ್ ಚಳುವಳಿಗೆ ಹಿಂದಿರುಗಬೇಕು. ಮಾರ್ಟಿನ್ ಲೂಥರನು ನೀತಿವಂತನೆನಿಸಿಕೊಳ್ಳುವುದು ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂದು ಸಾರಿದನು. ಅದೇ ಲೂಥರನು ಮಠದ ಸನ್ಯಾಸಿಯ ವ್ರತಕ್ಕಿಂತ ಮನೆಗೆಲಸದವಳ ದುಡಿಮೆಯು ದೇವರ ದೃಷ್ಟಿಯಲ್ಲಿ ಕಡಿಮೆಯದಲ್ಲವೆಂದು ಬೋಧಿಸಿದನು. ಒಬ್ಬೊಬ್ಬನ ಉದ್ಯೋಗವೂ ದೇವರ ಕರೆಯೇ ಎಂಬ ಅರ್ಥವು ಅವನ ಬರಹಗಳ ಮೂಲಕ ಜರ್ಮನ್ ಭಾಷೆಯಲ್ಲಿ ನೆಲೆಗೊಂಡಿತು. ಆದರೆ ಅವನ ತರುವಾಯದ ನೂರು ವರ್ಷಗಳಲ್ಲಿ ಲೂಥರನ್ ಸಭೆಯು ಸಿದ್ಧಾಂತದ ಶುದ್ಧಿಯನ್ನು ಕಾಯುವುದರಲ್ಲಿ ಬಹಳ ಶಕ್ತಿಯನ್ನು ವ್ಯಯಿಸಿತು. ಸರಿಯಾದ ಉಪದೇಶವಿದ್ದರೂ ಸರಿಯಾದ ಜೀವಿತವಿಲ್ಲವೆಂಬ ಕೊರಗು ಅನೇಕರಲ್ಲಿ ಬೆಳೆಯಿತು.

ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಸಭಾಪಾಲಕನು 1675ರಲ್ಲಿ ಸಭೆಯ ಸುಧಾರಣೆಗಾಗಿ ಆರು ಸಲಹೆಗಳನ್ನು ಪ್ರಕಟಿಸಿದನು. ಕ್ರೈಸ್ತತ್ವದಲ್ಲಿ ತಿಳಿವಳಿಕೆಯೊಂದೇ ಸಾಲದು, ಅದು ಆಚರಣೆಯಲ್ಲಿ ಕಾಣಿಸಿಕೊಳ್ಳಬೇಕೆಂಬುದು ಅವುಗಳಲ್ಲಿ ಮೂರನೆಯದು. ಅವನ ಶಿಷ್ಯಸಮಾನನಾದ ಆಗಸ್ಟ್ ಹೆರ್ಮನ್ ಫ್ರಾಂಕೆಯು 1695ರಲ್ಲಿ ಹಾಲೆ ಪಟ್ಟಣದ ಹೊರವಲಯದಲ್ಲಿ, ತನ್ನ ಮನೆಯ ಕಾಣಿಕೆ ಪೆಟ್ಟಿಗೆಯಲ್ಲಿ ದೊರೆತ ನಾಲ್ಕು ಥಾಲರ್ ಹದಿನಾರು ಗ್ರೋಶೆನ್ ಹಣದಿಂದ ಪುಸ್ತಕಗಳನ್ನು ಕೊಂಡು ಬಡಮಕ್ಕಳಿಗೆ ಶಾಲೆಯನ್ನು ಆರಂಭಿಸಿದನು. ಅನಾಥಾಲಯ, ಔಷಧಾಲಯ, ಮುದ್ರಣಾಲಯಗಳು ಅದರ ಸುತ್ತಲೂ ಬೆಳೆದವು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಬಾರ್ತಲೋಮೇಯಸ್ ಸೀಗನ್‌ಬಾಲ್ಗ್ ಈ ಹಾಲೆಯ ಪರಂಪರೆಯವನೇ.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಇದೇ ಬೇರಿನ ಇನ್ನೊಂದು ಚಿಗುರು. ಸಂಸ್ಥೆಯು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದರೂ ಅದರ ಮಿಷನರಿಗಳಲ್ಲಿ ಬಹುಪಾಲು ಜನರು ನೆರೆಯ ವುರ್ಟೆಂಬರ್ಗ್ ಪ್ರಾಂತದ ಹಳ್ಳಿಗಳಿಂದ ಬಂದವರು; ರೈತರ, ನೇಕಾರರ, ಬಡಗಿಗಳ ಮಕ್ಕಳು. ಕೈಕೆಲಸವು ಅವರಿಗೆ ಹೊಸದಾಗಿರಲಿಲ್ಲ, ಅವಮಾನಕರವಂತೂ ಅಲ್ಲವೇ ಅಲ್ಲ. ಬೆಳಗಿನ ಪ್ರಾರ್ಥನೆ, ಹೊತ್ತಿಗೆ ಸರಿಯಾದ ಕೆಲಸ, ಸಾಲಕ್ಕೆ ಅಂಜುವ ಸ್ವಭಾವ, ಭಾನುವಾರದ ವಿಶ್ರಾಂತಿ ಇವುಗಳಿಂದಲೇ ಅವರ ಮನೆಗಳಲ್ಲಿ ಭಕ್ತಿಯು ಗುರುತಿಸಲ್ಪಡುತ್ತಿತ್ತು. ಈ ಸ್ವಭಾವವನ್ನು ಅವರು ಸಮುದ್ರ ದಾಟಿಸಿ ತಮ್ಮೊಂದಿಗೆ ತಂದರು. ಅದರ ಗುಣವೂ ಅದರ ಮಿತಿಯೂ ಮುಂದಿನ ಇತಿಹಾಸದಲ್ಲಿ ಕಾಣುತ್ತವೆ.

ಅನ್ನದ ಪ್ರಶ್ನೆ

1833ರ ಚಾರ್ಟರ್ ಕಾನೂನು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷ, ಅಂದರೆ 1834ರ ಅಕ್ಟೋಬರ್ ತಿಂಗಳಲ್ಲಿ, ಸ್ಯಾಮುಯೆಲ್ ಹೆಬಿಕ್, ಕ್ರಿಸ್ಟೋಫ್ ಲೇನರ್, ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು ಮಂಗಳೂರನ್ನು ತಲುಪಿದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದನು. ಕರಾವಳಿಯಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳವರೆಗೂ ಕೆಲಸವು ಹಬ್ಬಿತು.

ಕರಾವಳಿಯಲ್ಲಿ ಸುವಾರ್ತೆಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಅವರಲ್ಲಿ ಅನೇಕರು ಗೇಣಿದಾರರು. ಅನೇಕರ ಕುಲಕಸುಬು ಮೂರ್ತೆ. ಕ್ರೈಸ್ತರಾದವರು ಭೂತಾರಾಧನೆಯ ಕರ್ತವ್ಯಗಳಿಂದ ಹಿಂದೆ ಸರಿದಾಗ ಊರಿನ ಕಟ್ಟುಪಾಡು ಮುರಿಯಿತು. ಅಳಿಯಸಂತಾನದ ಕುಟುಂಬದಲ್ಲಿ ಹಕ್ಕು ತಪ್ಪುತ್ತಿತ್ತು, ಒಡೆಯನು ಗೇಣಿಯನ್ನು ಬಿಡಿಸಬಹುದಾಗಿತ್ತು. ಕಳ್ಳು ಇಳಿಸುವ ಕೆಲಸವು ಕ್ರೈಸ್ತ ಜೀವಿತಕ್ಕೆ ತಕ್ಕುದಲ್ಲವೆಂದು ಮಿಷನರಿಗಳೇ ಹೇಳಿದ್ದರಿಂದ ಆ ದಾರಿಯೂ ಮುಚ್ಚಿತು. ಮತಾಂತರದ ಕಾರಣದಿಂದ ಪಿತ್ರಾರ್ಜಿತ ಹಕ್ಕು ತಪ್ಪಬಾರದೆಂಬ ಕಾನೂನು 1850ರಲ್ಲಿ ಜಾರಿಗೆ ಬಂದದ್ದು ನಿಜ. ಆದರೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವ ಶಕ್ತಿ ಎಷ್ಟು ಜನರಿಗಿತ್ತು? ಗೆದ್ದರೂ ನೆರೆಹೊರೆಯ ಸಹಕಾರವಿಲ್ಲದೆ ಗದ್ದೆಯನ್ನು ಉಳುವುದು ಹೇಗೆ?

ಯಾಕೋಬನು ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಬಟ್ಟೆಯಿಲ್ಲದ, ಆ ದಿನದ ಊಟವಿಲ್ಲದ ಸಹೋದರನ ಉದಾಹರಣೆಯಿದೆ. ಅವನಿಗೆ ಒಳ್ಳೆಯ ಮಾತನ್ನು ಮಾತ್ರ ಹೇಳಿ ಕಳುಹಿಸಿದರೆ ಪ್ರಯೋಜನವೇನೆಂದು ಅಪೊಸ್ತಲನು ಕೇಳುತ್ತಾನೆ. ಲೂಥರನು ಈ ಪತ್ರಿಕೆಗೆ ಅಷ್ಟಾಗಿ ಬೆಲೆ ಕೊಡಲಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಲೂಥರನ ಮಕ್ಕಳಾದ ಮಿಷನರಿಗಳು ಮಂಗಳೂರಿನಲ್ಲಿ ಈ ವಾಕ್ಯದಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಬಟ್ಟೆಯನ್ನೂ ಊಟವನ್ನೂ ಕಳೆದುಕೊಂಡ ಸಹೋದರನು ಅವರ ಬೋಧನೆಯ ಕಾರಣದಿಂದಲೇ ಅವುಗಳನ್ನು ಕಳೆದುಕೊಂಡಿದ್ದನು. ಇಲ್ಲಿ ಅನ್ನದ ಪ್ರಶ್ನೆಯು ಸುವಾರ್ತೆಯ ಪ್ರಶ್ನೆಯೇ ಆಯಿತು.

ದಾನವು ಸುಲಭವಾದ ಉತ್ತರವಾಗಿತ್ತು. ಆದರೆ ನಿತ್ಯವೂ ದಾನವನ್ನು ನಂಬಿ ಬದುಕುವ ಸಭೆಯು ಸ್ವಂತ ಕಾಲಿನ ಮೇಲೆ ನಿಲ್ಲಲಾರದು. ಅನ್ನಕ್ಕಾಗಿ ಬಂದವರೆಂಬ ಅಪವಾದವೂ ತಪ್ಪದು. ಆದಕಾರಣ ಬೇರೆ ಬೇರೆ ಪ್ರಯೋಗಗಳು ನಡೆದವು. 1840ರ ದಶಕದ ಆರಂಭದಲ್ಲಿ ಗದಗದ ಸಮೀಪದ ಮಲ್ಲಸಮುದ್ರದಲ್ಲಿ ಒಂದು ಕೃಷಿ ವಸಾಹತನ್ನು ಆರಂಭಿಸಲಾಯಿತು, ಅದು ನೆಲೆನಿಲ್ಲಲಿಲ್ಲ. ಮಂಗಳೂರಿನಲ್ಲಿ ಬೇಸಾಯದ ಯತ್ನವೂ ಗಡಿಯಾರ ತಯಾರಿಕೆಯ ಯತ್ನವೂ ಫಲಿಸಲಿಲ್ಲ. ಕೊಡಗಿನಲ್ಲಿ ಮೋಗ್ಲಿಂಗನು 1850ರ ದಶಕದಲ್ಲಿ ಭೂರಹಿತ ದಲಿತ ಕೂಲಿಗಳ ನಡುವೆ ಆನಂದಪುರವೆಂಬ ನೆಲೆಯನ್ನು ಕಟ್ಟಿದನು. ಸಭೆಯನ್ನು ಕಟ್ಟುವುದಕ್ಕೂ ಬದುಕನ್ನು ಕಟ್ಟುವುದಕ್ಕೂ ನಡುವೆ ಗೆರೆ ಎಳೆಯುವುದು ಈ ಯಾವ ಸ್ಥಳದಲ್ಲಿಯೂ ಸಾಧ್ಯವಾಗಲಿಲ್ಲ.

ಮಗ್ಗ, ಅಚ್ಚು, ಹೆಂಚು

1851ರಲ್ಲಿ ಇಬ್ಬರು ಕಸುಬುದಾರರು ಮಂಗಳೂರಿಗೆ ಬಂದರು. ಜಾನ್ ಹಾಲರ್ ನೇಕಾರ, ಜಾರ್ಜ್ ಪ್ಲೆಬ್ಸ್ಟ್ ಯಂತ್ರಜ್ಞ. ಹಾಲರನು ಯುರೋಪಿನ ಮಾದರಿಯ ಮಗ್ಗವನ್ನು ಹೂಡಿ, ಎಸೆಲಾಳಿಯ ನೇಯ್ಗೆಯನ್ನು ಕಲಿಸಿದನು. ಗೇರುಮರದಿಂದ ತೆಗೆದ ಬಣ್ಣದಿಂದ ಖಾಕಿ ಬಟ್ಟೆಯನ್ನು ಮೊದಲಿಗೆ ಸಿದ್ಧಪಡಿಸಿದವನು ಅವನೇ ಎಂದು ಮಂಗಳೂರಿನಲ್ಲಿ ಇಂದಿಗೂ ಹೇಳುತ್ತಾರೆ. ಪ್ಲೆಬ್ಸ್ಟನು ಮೊದಲು ಮುದ್ರಣಾಲಯವನ್ನು ಊರ್ಜಿತಗೊಳಿಸಿದನು. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಗಿದ್ದ ಆ ಮುದ್ರಣಾಲಯದಿಂದಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವು ಹೊರಬಂದಿತ್ತು. ಮುಂದೆ 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲ್‌ನ ನಿಘಂಟು ಅಚ್ಚಾದದ್ದೂ ಅಲ್ಲಿಯೇ.

1865ರಲ್ಲಿ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ನೇತ್ರಾವತಿ ಹಾಗೂ ಗುರುಪುರ ನದಿಗಳ ದಡದ ಜೇಡಿಮಣ್ಣು ಅವನಿಗೆ ಒದಗಿತು. ಕರಾವಳಿಯ ಮನೆಗಳಿಗೆ ಮುಳಿಹುಲ್ಲಿನ ಮಾಡು ಇರುತ್ತಿದ್ದುದರಿಂದ ಬೆಂಕಿಯ ಭಯವಿತ್ತು. ಒಂದಕ್ಕೊಂದು ಕೊಂಡಿಯಾಗಿ ಕೂರುವ ಹೊಸ ಹೆಂಚು ಹಗುರವಾಗಿತ್ತು, ಮಳೆಗೆ ಗಟ್ಟಿಯಾಗಿತ್ತು. ಕುದ್ರೋಳಿ, ಮಲ್ಪೆಗಳಲ್ಲಿಯೂ ಮಲಬಾರಿನ ಕಲ್ಲಿಕೋಟೆ, ಫರೋಕ್, ಕೊಡಕ್ಕಲ್, ಪಾಲಕ್ಕಾಡುಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಮೊದಲನೆಯ ಮಹಾಯುದ್ಧದ ಮುಂಚೆ ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಏಳು. ನೇಯ್ಗೆ ಹಾಗೂ ಹೆಂಚಿನ ಕೆಲಸಗಳಲ್ಲಿ ದುಡಿಯುತ್ತಿದ್ದವರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದರು, ಸ್ತ್ರೀಯರೂ ಇದ್ದರು.

ಈ ಅಂಕಿಗಳಿಗಿಂತ ನಮಗೆ ಮುಖ್ಯವಾದ ಒಂದು ಸಂಗತಿಯಿದೆ. ಕುಲಕ್ಕೊಂದು ಕಸುಬು ಎಂಬ ವ್ಯವಸ್ಥೆಯಿದ್ದ ನಾಡಿನಲ್ಲಿ ನೇಯ್ಗೆಯು ನೇಕಾರ ಕುಲದವರದು, ಮಣ್ಣಿನ ಕೆಲಸವು ಕುಂಬಾರನದು. ಮಿಷನ್ನಿನ ಮಗ್ಗದ ಮನೆಯಲ್ಲಿ ಬೇರೆ ಬೇರೆ ಕುಲಗಳಿಂದ ಬಂದವರು ಒಂದೇ ಸಾಲಿನಲ್ಲಿ ಕುಳಿತು ಒಂದೇ ಕಸುಬನ್ನು ಕಲಿತರು. ಭಾನುವಾರ ಪ್ರಭುಭೋಜನದ ಮೇಜಿನಲ್ಲಿ ಒಂದೇ ಪಾತ್ರೆಯಿಂದ ಕುಡಿದವರು ಸೋಮವಾರ ಒಂದೇ ಸೂರಿನಡಿ ದುಡಿದರು. ಕ್ರಿಸ್ತನಲ್ಲಿ ಭೇದವಿಲ್ಲವೆಂಬ ಗಲಾತ್ಯದವರಿಗೆ ಬರೆದ ಪತ್ರಿಕೆಯ ಬೋಧನೆಯು ವಾರಕ್ಕೊಮ್ಮೆ ಕೇಳುವ ಮಾತಾಗಿ ಉಳಿಯದೆ ಆರು ದಿನಗಳ ಅಭ್ಯಾಸವಾಯಿತು. ಕುಲದ ಅಭಿಮಾನವು ಸಭೆಗಳಲ್ಲಿ ಪೂರ್ತಿಯಾಗಿ ಅಳಿಯಿತೆಂದು ನಾವು ಹೇಳುವುದಿಲ್ಲ. ಮದುವೆಯ ಮಾತು ಬಂದಾಗ ಅದು ತಲೆಯೆತ್ತುತ್ತಿತ್ತು, ಇಂದಿಗೂ ಎತ್ತುತ್ತದೆ. ಆದರೂ ಉಪದೇಶದಿಂದ ಮಾತ್ರ ಸಡಿಲವಾಗದ ಗಂಟು ಜೊತೆಯ ದುಡಿಮೆಯಿಂದ ಸ್ವಲ್ಪಮಟ್ಟಿಗೆ ಸಡಿಲವಾಯಿತೆಂಬುದು ಚಿಕ್ಕ ಸಂಗತಿಯಲ್ಲ.

ದುಡಿಮೆಯು ದೇವರಿಗೆ ಸಲ್ಲುವ ಸೇವೆಯೆಂಬ ವಿಚಾರವು ಕನ್ನಡ ನಾಡಿಗೆ ಹೊರಗಿನಿಂದ ಬಂದದ್ದೆಂದು ಭಾವಿಸುವುದು ತಪ್ಪು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಬೋಧಿಸಿದ್ದರು. ಮೋಗ್ಲಿಂಗನು ತನ್ನ ಕನ್ನಡ ಗ್ರಂಥಮಾಲೆಯಲ್ಲಿ ಬಸವಪುರಾಣವನ್ನು ಅಚ್ಚು ಹಾಕಿಸಿದವನು. ಧಾರವಾಡ ಸೀಮೆಯ ಮಿಷನರಿಗಳು ಲಿಂಗಾಯತರ ನಡುವೆಯೇ ವಾಸಿಸಿದವರು. ದುಡಿದು ತಿನ್ನುವುದಷ್ಟೇ ಗುರಿಯಲ್ಲ, ದುಡಿದದ್ದನ್ನು ಹಂಚಬೇಕೆಂಬ ದಾಸೋಹದ ಮಾತನ್ನು ಕೇಳಿದ ಕಿವಿಗೆ ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯವು ಅಪರಿಚಿತವೆನಿಸದು. ಕೊರತೆಯಲ್ಲಿರುವವನಿಗೆ ಕೊಡಲು ಕೈಯಲ್ಲಿ ಏನಾದರೂ ಇರಬೇಕೆಂಬುದಕ್ಕಾಗಿಯೇ ಕೈಯಾರೆ ದುಡಿಯಬೇಕೆಂದು ಅಪೊಸ್ತಲನು ಅಲ್ಲಿ ಹೇಳುತ್ತಾನೆ.

ಸುವಾರ್ತೆ ಮತ್ತು ಲಾಭ

ಕಾರ್ಖಾನೆಯು ಬೆಳೆದಂತೆ ಬಾಸೆಲ್ ನಗರದ ಸಮಿತಿಯಲ್ಲಿ ಕಳವಳವೂ ಬೆಳೆಯಿತು. ಸುವಾರ್ತೆಗಾಗಿ ಬಡ ವಿಶ್ವಾಸಿಗಳು ಕೊಟ್ಟ ಕಾಣಿಕೆಯನ್ನು ವ್ಯಾಪಾರದಲ್ಲಿ ತೊಡಗಿಸಬಹುದೇ? ನಷ್ಟವಾದರೆ ಹೊಣೆ ಯಾರದು? ಲಾಭವಾದರೆ ಅದು ಯಾರಿಗೆ ಸೇರಬೇಕು? ಈ ಪ್ರಶ್ನೆಗಳನ್ನು ಅವರು ಮುಚ್ಚಿಡಲಿಲ್ಲ. ಕೊನೆಗೆ 1859ರಲ್ಲಿ ವ್ಯಾಪಾರಕ್ಕಾಗಿ ಪ್ರತ್ಯೇಕ ಷೇರು ಬಂಡವಾಳದ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಷೇರುದಾರರ ಲಾಭಾಂಶಕ್ಕೆ ಮಿತಿಯಿತ್ತು. ಮಿಕ್ಕದ್ದರಲ್ಲಿ ಮಿಷನ್ ಕಾರ್ಯಕ್ಕೆ ಪಾಲು ಸಲ್ಲುತ್ತಿತ್ತು. ಇದೇ ಸಂಸ್ಥೆಯು ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿಯೂ ಅಂಗಡಿಗಳನ್ನು ನಡೆಸಿತು. ಆ ಕರಾವಳಿಯ ಯುರೋಪಿಯನ್ ವ್ಯಾಪಾರಿಗಳಿಗೆ ಮದ್ಯವೇ ದೊಡ್ಡ ಲಾಭದ ಸರಕಾಗಿದ್ದ ಕಾಲದಲ್ಲಿ ಅದು ಮದ್ಯವನ್ನು ಮಾರಲು ಒಪ್ಪಲಿಲ್ಲ.

ಇಲ್ಲಿ ನಂಬಿಕೆಯು ಲೆಕ್ಕದ ಪುಸ್ತಕಕ್ಕೆ ಇಳಿದದ್ದನ್ನು ನಾವು ಕಾಣುತ್ತೇವೆ. ಏನನ್ನು ಮಾರಬೇಕು, ಏನನ್ನು ಮಾರಬಾರದು, ಲಾಭವು ಎಷ್ಟಕ್ಕೆ ನಿಲ್ಲಬೇಕು ಎಂಬುವು ಆತ್ಮಿಕ ಪ್ರಶ್ನೆಗಳೇ ಆಗಿದ್ದವು. ಪ್ರತ್ಯೇಕ ಸಂಸ್ಥೆಯ ಸ್ಥಾಪನೆಯಿಂದ ಹಣದ ಗೊಂದಲವು ಬಗೆಹರಿಯಿತು. ಆದರೆ ಮಂಗಳೂರಿನ ಕೆಲಸಗಾರನಿಗೆ ಈ ವ್ಯತ್ಯಾಸವು ಎಷ್ಟರಮಟ್ಟಿಗೆ ಕಾಣುತ್ತಿತ್ತು? ಈ ಪ್ರಶ್ನೆಗೆ ನಾವೀಗ ಬರಬೇಕು.

ಸಭೆಯೂ ಯಜಮಾನನೂ ಒಂದೇ ಆದಾಗ

ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಶಿಸ್ತು ಕಟ್ಟುನಿಟ್ಟಾಗಿತ್ತು. ಕುಡಿತ, ಸಾಲ, ಭಾನುವಾರದ ಉಲ್ಲಂಘನೆ, ವಿಗ್ರಹಾರಾಧನೆಗೆ ಸಂಬಂಧಿಸಿದ ಹಬ್ಬಗಳಲ್ಲಿ ಪಾಲುಗೊಳ್ಳುವಿಕೆ ಇವುಗಳ ಬಗ್ಗೆ ಸಭಾನಿಯಮಗಳಿದ್ದವು. ತಪ್ಪಿದವನಿಗೆ ಮೊದಲು ಬುದ್ಧಿವಾದ, ಆಮೇಲೆ ಪ್ರಭುಭೋಜನದಿಂದ ದೂರವಿಡುವುದು, ಕೊನೆಗೆ ಸಭೆಯಿಂದ ಹೊರಹಾಕುವುದು ಎಂಬ ಕ್ರಮವಿತ್ತು. ಸಭಾಹಿರಿಯರು ಸಭಾಪಾಲಕನೊಂದಿಗೆ ಈ ಜವಾಬ್ದಾರಿಯನ್ನು ಹೊತ್ತರು.

ಸ್ವಂತ ಭೂಮಿಯಲ್ಲಿ ದುಡಿಯುವವನಿಗೆ ಈ ಶಿಸ್ತು ಆತ್ಮಿಕ ಶಿಸ್ತಾಗಿಯೇ ಕಾಣಬಹುದು. ಆದರೆ ಅವನ ಮನೆಯು ಮಿಷನ್ನಿನ ಜಾಗದಲ್ಲಿದ್ದು, ಮಕ್ಕಳು ಮಿಷನ್ ಶಾಲೆಯಲ್ಲಿ ಓದುತ್ತಿದ್ದು, ಕೂಲಿಯು ಮಿಷನ್ನಿನ ಕಾರ್ಖಾನೆಯಿಂದಲೇ ಬರುತ್ತಿದ್ದರೆ? ಬೆಳಗಿನ ಗಂಟೆಯ ಕರೆಯು ಪ್ರಾರ್ಥನೆಗೋ ಪಾಳಿಗೋ ಎಂದು ಬಿಡಿಸಿ ಹೇಳುವುದು ಆಗ ಕಷ್ಟ. ಹೊತ್ತಿಗೆ ಸರಿಯಾಗಿ ಬರುವುದು, ಎದುರು ಮಾತಾಡದಿರುವುದು, ಕೊಟ್ಟ ಕೂಲಿಗೆ ತೃಪ್ತಿಪಡುವುದು ಇವು ಕ್ರೈಸ್ತ ಸದ್ಗುಣಗಳೆಂದು ಕಲಿತವನಿಗೆ ಅವು ಕಾರ್ಖಾನೆಗೂ ಅನುಕೂಲವಾದ ಗುಣಗಳೆಂಬುದು ಕಾಣದೆ ಇರಲಾರದು. ಅವನ ವಿಧೇಯತೆಯಲ್ಲಿ ಎಷ್ಟು ಪಾಲು ದೇವರಿಗೆ, ಎಷ್ಟು ಪಾಲು ಮೇಲ್ವಿಚಾರಕನಿಗೆ? ಅದನ್ನು ಅಳೆಯುವ ಅಧಿಕಾರ ನಮಗಿಲ್ಲ. ಆದರೆ ಅಳೆಯಲಾಗದಂತಹ ಸ್ಥಿತಿಯನ್ನು ಸಭೆಯೇ ನಿರ್ಮಿಸಿದ್ದರ ಬಗ್ಗೆ ನಾವು ಯೋಚಿಸಬೇಕು.

ಮಿಷನರಿಗಳ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಅವರಲ್ಲಿ ಅನೇಕರು ಮಂಗಳೂರು, ಕೊಡಗು, ಧಾರವಾಡಗಳಲ್ಲಿ ಕಾಯಿಲೆಯಿಂದ ಬಳಲಿದರು. ಪತ್ನಿಯರನ್ನೂ ಮಕ್ಕಳನ್ನೂ ಇಲ್ಲಿನ ಮಣ್ಣಿನಲ್ಲಿ ಹೂಳಿದರು. ಕಾರ್ಖಾನೆಯು ಅವರಿಗೆ ಸಂಪತ್ತಿನ ದಾರಿಯಾಗಿರಲಿಲ್ಲ. ತೊಡಕು ಇರುವುದು ವ್ಯಕ್ತಿಗಳಲ್ಲಲ್ಲ, ರಚನೆಯಲ್ಲಿ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದ ಕೊನೆಯಲ್ಲಿ ಆಳುಗಳಿಗೆ ಹೇಳಿದ ಮಾತಿದೆ: ಮನುಷ್ಯರಿಗೋಸ್ಕರವಲ್ಲ, ಕರ್ತನಿಗೋಸ್ಕರವೆಂದು ಮನಃಪೂರ್ವಕವಾಗಿ ದುಡಿಯಬೇಕೆಂಬ ಅರ್ಥದ ಬೋಧನೆ. ನಾಲ್ಕನೆಯ ಅಧ್ಯಾಯದ ಮೊದಲ ವಚನವು ಯಜಮಾನರಿಗೆ ಸೇರಿದ್ದು: ಅವರಿಗೂ ಪರಲೋಕದಲ್ಲಿ ಯಜಮಾನನೊಬ್ಬನಿರುವುದರಿಂದ ಆಳುಗಳಿಗೆ ನ್ಯಾಯವಾದದ್ದನ್ನು, ಸಮವಾದದ್ದನ್ನು ಕೊಡಬೇಕೆಂಬ ಆಜ್ಞೆ. ನಮ್ಮ ಬೈಬಲುಗಳಲ್ಲಿ ಅಧ್ಯಾಯದ ಗೆರೆಯು ಈ ಎರಡು ಮಾತುಗಳನ್ನು ಬೇರ್ಪಡಿಸಿದೆ. ಅಪೊಸ್ತಲನು ಬರೆದಾಗ ಆ ಗೆರೆ ಇರಲಿಲ್ಲ.

ಯಾಕೋಬನ ಪತ್ರಿಕೆಯಲ್ಲಿಯೂ ಇಂಥದೇ ಸಂಬಂಧವಿದೆ. ಕ್ರಿಯೆಗಳಿಲ್ಲದ ನಂಬಿಕೆಯು ನಿರ್ಜೀವವೆಂದು ಎರಡನೆಯ ಅಧ್ಯಾಯದಲ್ಲಿ ಕಲಿಸಿದವನೇ ಐದನೆಯ ಅಧ್ಯಾಯದಲ್ಲಿ, ಹೊಲವನ್ನು ಕೊಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿಯು ದೇವರಿಗೆ ಮೊರೆಯಿಡುತ್ತದೆಂದು ಎಚ್ಚರಿಸುತ್ತಾನೆ. ನಂಬಿಕೆಯನ್ನು ತೋರಿಸುವ ಕ್ರಿಯೆಗಳಲ್ಲಿ ಕೂಲಿಯನ್ನು ಸರಿಯಾಗಿ, ಸಕಾಲಕ್ಕೆ ಕೊಡುವುದೂ ಒಂದೆಂದು ಇದರಿಂದ ತಿಳಿಯುತ್ತದೆ. ಎರಡನೆಯ ಅಧ್ಯಾಯವನ್ನು ಓದಿ ಐದನೆಯದನ್ನು ಓದದ ಸಭೆಯು ಯಾಕೋಬನನ್ನು ಅರ್ಧ ಮಾತ್ರ ಕೇಳಿದೆ.

1914ರ ಪರೀಕ್ಷೆ

ಈ ಇತಿಹಾಸದ ನಿಜವಾದ ಪರೀಕ್ಷೆಯು ಹೊರಗಿನಿಂದ ಬಂದಿತು. 1914ರಲ್ಲಿ ಮಹಾಯುದ್ಧವು ಆರಂಭವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುರಾಷ್ಟ್ರದವರಾದರು. ಅನೇಕರನ್ನು ಬಂಧನ ಶಿಬಿರಗಳಲ್ಲಿ ಇರಿಸಲಾಯಿತು, ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಕಾರ್ಖಾನೆಗಳೂ ವ್ಯಾಪಾರದ ಆಸ್ತಿಗಳೂ ಸರ್ಕಾರದ ವಶವಾಗಿ, ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಆರು ದಶಕಗಳಿಗೂ ಹೆಚ್ಚು ಕಾಲ ಒಂದೇ ಛಾವಣಿಯಡಿ ಇದ್ದ ಸಭೆ ಮತ್ತು ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಬೇರ್ಪಟ್ಟವು. ಅನ್ನ ಕೊಡುವ ಕೈಯೂ ಆಶೀರ್ವದಿಸುವ ಕೈಯೂ ಇನ್ನು ಮುಂದೆ ಒಂದೇ ಆಗಿರಲಿಲ್ಲ.

ಮಿಷನ್ನಿನ ವಿಮರ್ಶಕರ ಮಾತು ನಿಜವಾಗಿದ್ದರೆ, ಅಂದರೆ ವಿಶ್ವಾಸಿಗಳು ಕೂಲಿಗಾಗಿ ಮಾತ್ರ ಸಭೆಯಲ್ಲಿದ್ದರೆ, ಆಗಲೇ ಆ ಸಭೆಗಳು ಕರಗಿಹೋಗಬೇಕಾಗಿತ್ತು. ಅವು ಕರಗಲಿಲ್ಲ. ಭಾರತೀಯ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ ಆರಾಧನೆಯನ್ನು ನಡೆಸಿದರು, ಶಾಲೆಗಳನ್ನು ಕಾಪಾಡಿದರು, ಸತ್ತವರನ್ನು ಹೂಳಿದರು, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದರು. ಇತರ ಕ್ರೈಸ್ತ ಸಂಸ್ಥೆಗಳ ನೆರವು ಅವರಿಗೆ ದೊರೆತದ್ದು ನಿಜ. ಆದರೆ ಪ್ರತಿದಿನದ ಭಾರವನ್ನು ಹೊತ್ತವರು ಅವರೇ. ಮಿಷನ್ನಿನ ಆಶ್ರಯದಲ್ಲಿದ್ದವರು ಆಶ್ರಯವಿಲ್ಲದೆ ನಿಲ್ಲುವುದನ್ನು ಕಲಿತರು. 1947ರಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪನೆಯಾದಾಗಲೂ ಮುಂದಿನ ವರ್ಷಗಳಲ್ಲಿಯೂ ಈ ಸಭೆಗಳು ಅದರ ಐಕ್ಯದಲ್ಲಿ ಸೇರಿ ತಮ್ಮ ಕಾಣಿಕೆಯನ್ನು ಸಲ್ಲಿಸಿದವು.

ಕಾರ್ಖಾನೆಯು ಹೋದ ಮೇಲೆ ಉಳಿದದ್ದೇನು? ಮಾಡಿನ ಮೇಲಿನ ಹೆಂಚುಗಳು ಉಳಿದವು. ಕಸುಬು ಕಲಿತ ಕೈಗಳು ಉಳಿದವು. ಊರಿನ ಇತರ ಉದ್ಯಮಿಗಳೂ ಹೆಂಚಿನ ಕೆಲಸವನ್ನು ಕೈಗೆತ್ತಿಕೊಂಡಿದ್ದರಿಂದ ಆ ಕೈಗಳಿಗೆ ಕೆಲಸ ಸಿಕ್ಕಿತು. ಇವುಗಳ ಜೊತೆಗೆ, ಯಾರೂ ನೋಡದಿದ್ದಾಗಲೂ ಸರಿಯಾಗಿ ಅಳೆಯುವ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ, ಸಂಜೆ ಕುಟುಂಬದೊಂದಿಗೆ ವಾಕ್ಯವನ್ನು ಓದುವ ಅಭ್ಯಾಸಗಳು ಅನೇಕ ಮನೆಗಳಲ್ಲಿ ಉಳಿದವು. ಗಂಟೆ ಬಾರಿಸುವವನು ಇಲ್ಲದಾದಾಗಲೂ ಎದ್ದು ಪ್ರಾರ್ಥಿಸಿದವನ ನಂಬಿಕೆಯು ಅವನ ಸ್ವಂತದ್ದಾಗಿತ್ತೆಂದು ನಾವು ಧೈರ್ಯದಿಂದ ಹೇಳಬಹುದು.

ಇಂದಿನ ಸಭಾಪಾಲನೆಗೆ

ಈ ಇತಿಹಾಸದಿಂದ ಸಭಾಪಾಲಕರೂ ದೇವಜ್ಞಾನದ ವಿದ್ಯಾರ್ಥಿಗಳೂ ಆದ ನಾವು ಮೂರು ಸಂಗತಿಗಳನ್ನು ತೆಗೆದುಕೊಳ್ಳಬಹುದು.

ಮೊದಲನೆಯದಾಗಿ, ನಮ್ಮ ಪ್ರಸಂಗಗಳು ಸೋಮವಾರದವರೆಗೆ ತಲುಪಬೇಕು. ನಮ್ಮ ಸಭೆಯ ಸದಸ್ಯರು ಬಸ್ಸಿನ ನಿರ್ವಾಹಕರು, ದಾದಿಯರು, ಅಂಗಡಿಯವರು, ಗುತ್ತಿಗೆ ಕೆಲಸಗಾರರು, ಗಣಕಯಂತ್ರದ ಮುಂದೆ ರಾತ್ರಿ ಪಾಳಿ ಮಾಡುವ ಯುವಕರು. ಚಿಲ್ಲರೆಯನ್ನು ಸರಿಯಾಗಿ ಹಿಂದಿರುಗಿಸುವುದು, ರೋಗಿಯ ಹೆಸರನ್ನು ಹಿಡಿದು ಮಾತಾಡಿಸುವುದು, ಸುಳ್ಳು ಬಿಲ್ಲಿಗೆ ಸಹಿ ಹಾಕದಿರುವುದು ಇವು ಪವಿತ್ರೀಕರಣದ ಸಿದ್ಧಾಂತಕ್ಕೆ ಅಡಿಟಿಪ್ಪಣಿಗಳಲ್ಲ. ಆ ಸಿದ್ಧಾಂತವು ಬದುಕುವ ಸ್ಥಳವೇ ಅದು. ಸಭಾಪಾಲಕನು ತನ್ನ ಜನರ ಕೆಲಸವೇನೆಂಬುದನ್ನು ತಿಳಿದಿರಬೇಕು, ಸಾಧ್ಯವಾದರೆ ಆ ಸ್ಥಳಕ್ಕೆ ಒಮ್ಮೆ ಹೋಗಿ ನೋಡಬೇಕು. ಮನೆಭೇಟಿಯಷ್ಟೇ ಇದೂ ಅಗತ್ಯ.

ಎರಡನೆಯದಾಗಿ, ನಂಬಿಕೆಯ ನಿಮಿತ್ತ ನಷ್ಟ ಹೊಂದಿದವನ ಹೊಣೆಯು ಸಭೆಯದು. ಲಂಚವನ್ನು ನಿರಾಕರಿಸಿ ಕೆಲಸ ಕಳೆದುಕೊಂಡವನು, ಕುಡಿತದ ವ್ಯಾಪಾರವನ್ನು ಬಿಟ್ಟು ಸಾಲಕ್ಕೆ ಸಿಕ್ಕಿದವನು ನಮ್ಮ ಮುಂದೆ ಬಂದಾಗ ಪ್ರಾರ್ಥನೆಯ ಜೊತೆಗೆ ಇನ್ನೇನನ್ನು ಕೊಡಲು ನಾವು ಸಿದ್ಧರಿದ್ದೇವೆ? ಕಠಿನವಾದ ದಾರಿಯನ್ನು ಬೋಧಿಸುವವನು ಆ ದಾರಿಯಲ್ಲಿ ನಡೆಯುವವನಿಗೆ ಬುತ್ತಿ ಕಟ್ಟಿಕೊಡಬೇಕು. ಸೋತುಹೋದ ಮಲ್ಲಸಮುದ್ರದ ಪ್ರಯೋಗವೂ ಗಡಿಯಾರದ ಯತ್ನವೂ ಈ ಹೊಣೆಯನ್ನು ಒಪ್ಪಿಕೊಂಡವರ ಸೋಲುಗಳು. ಆ ಕಾರಣಕ್ಕಾಗಿ ಅವು ಗೌರವಕ್ಕೆ ಅರ್ಹವಾಗಿವೆ.

ಮೂರನೆಯದು ನಮಗೆ ಹೆಚ್ಚು ಕಷ್ಟದ್ದು. ಹೆಂಚಿನ ಕಾರ್ಖಾನೆ ನಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೆ ಶಾಲೆಗಳಿವೆ, ಆಸ್ಪತ್ರೆಗಳಿವೆ, ವಿದ್ಯಾರ್ಥಿನಿಲಯಗಳಿವೆ. ಅವುಗಳಲ್ಲಿ ಅಡುಗೆಯವರು, ಗುಡಿಸುವವರು, ಕಾವಲುಗಾರರು, ತಾತ್ಕಾಲಿಕ ಶಿಕ್ಷಕರು ದುಡಿಯುತ್ತಿದ್ದಾರೆ. ಸಭೆಯು ಇಂದಿಗೂ ಯಜಮಾನನೇ. ಅವರಿಗೆ ಸೇವಾಮನೋಭಾವವನ್ನು ಬೋಧಿಸುವ ಮುಂಚೆ ಅವರ ಸಂಬಳವು ಯಾವ ತಾರೀಖಿಗೆ ಅವರ ಕೈ ಸೇರುತ್ತದೆ, ಅದು ಒಂದು ಕುಟುಂಬಕ್ಕೆ ಸಾಕಾಗುತ್ತದೆಯೇ, ಅವರ ದೂರನ್ನು ಭಯವಿಲ್ಲದೆ ಹೇಳಿಕೊಳ್ಳಲು ಒಂದು ದಾರಿ ಇದೆಯೇ ಎಂದು ನಾವು ಕೇಳಿಕೊಳ್ಳಬೇಕು. ದೂರು ಹೇಳಿದವನನ್ನು ಅವಿಧೇಯನೆಂದು ಕರೆಯುವ ಮುಂಚೆ, ನಾವು ಅವನಿಗೆ ಸಭಾಪಾಲಕರಾಗಿ ಮಾತನಾಡುತ್ತಿದ್ದೇವೆಯೋ ಯಜಮಾನರಾಗಿ ಮಾತನಾಡುತ್ತಿದ್ದೇವೆಯೋ ಎಂದು ವಿವೇಚಿಸಬೇಕು. ಈ ಎರಡು ಸ್ಥಾನಗಳನ್ನು ಬೇರ್ಪಡಿಸಲು ಇನ್ನೊಂದು ಯುದ್ಧವು ಬರಲೆಂದು ಕಾಯಬೇಕಾಗಿಲ್ಲ. ಸಂಸ್ಥೆಯ ಆಡಳಿತದಲ್ಲಿ ಕೆಲಸಗಾರರ ಮಾತಿಗೂ ಸ್ಥಳವಿಟ್ಟು, ಲೆಕ್ಕವನ್ನು ಸಭೆಯ ಮುಂದೆ ತೆರೆದಿಟ್ಟು, ನಾವೇ ಅದನ್ನು ಮಾಡಬಹುದು.

ದೇವಜ್ಞಾನದ ಶಾಲೆಯಿಂದ ಹೊರಟು ಒಂದು ಸಭೆಯ ಹೊಣೆಯನ್ನು ವಹಿಸಿಕೊಳ್ಳುವ ವಿದ್ಯಾರ್ಥಿಗೆ ಆ ಸಭೆಯ ದೀಕ್ಷಾಸ್ನಾನದ ದಾಖಲೆಯೂ ಪ್ರಭುಭೋಜನದ ಪಾತ್ರೆಗಳೂ ಒಪ್ಪಿಸಲ್ಪಡುತ್ತವೆ. ಅವುಗಳ ಜೊತೆಗೆ ಸಂಬಳದ ಪಟ್ಟಿಯೂ ಅವನ ಮೇಜಿಗೆ ಬರುತ್ತದೆ. ಅದನ್ನು ಗುಮಾಸ್ತನ ಕೆಲಸವೆಂದು ಬದಿಗೆ ಸರಿಸದೆ, ವಾಕ್ಯವನ್ನು ಓದುವಷ್ಟೇ ಎಚ್ಚರದಿಂದ ಅವನು ಓದಲಿ. ಅದರಲ್ಲಿ ಕಡಿಮೆ ಮೊತ್ತದ ಎದುರಿಗಿರುವ ಹೆಸರುಗಳನ್ನು ಪ್ರಾರ್ಥನೆಯಲ್ಲಿ ನೆನೆಯಲಿ, ಸಭಾಸಮಿತಿಯ ಮುಂದಿನ ಕೂಟದಲ್ಲಿ ಅವರ ಪರವಾಗಿ ಮಾತನಾಡಲಿ.